ಜುಹುವಿನಿಂದ ಬಳ್ಳಾರಿಗೆ

ಭೂಪಟದ ಮೇಲೆ ನೇರ ಗೆರೆ ಎಳೆದರೆ ಮುಂಬಯಿಯಿಂದ ಬಳ್ಳಾರಿ ಸುಮಾರು 615 ಕಿಲೋಮೀಟರ್. ಹೋದ ವರ್ಷ ಅವ್ವನಿಗೆ ಆಪರೇಷನ್ ಎಂದು ಫೋನ್ ಬಂದಾಗ ಇಷ್ಟು ದೂರ ದಾಟಲು ನನಗೆ ಹದಿನಾರು ಗಂಟೆ ಬೇಕಾಯಿತು. ಅಂಧೇರಿಯಿಂದ ವಿಮಾನ ನಿಲ್ದಾಣ, ಅಲ್ಲಿ ಕಾಯುವುದು, ಹೈದರಾಬಾದಿಗೆ ವಿಮಾನ, ಆಮೇಲೆ ರಾತ್ರಿ ಬಸ್ಸು. ಇದರಲ್ಲಿ ಗಾಳಿಯಲ್ಲಿದ್ದದ್ದು ಬರೀ ಒಂದೂವರೆ ಗಂಟೆ.

ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಹಿಂದೆಂದೋ ಓದಿದ್ದ 1932ರ ಕತೆ ತಲೆಯಲ್ಲಿ ಸುತ್ತುತ್ತಿತ್ತು.

ಲಂಡನ್ನಿನ ಟಪಾಲು 1929ರಿಂದ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬರುತ್ತಿತ್ತು. ಅಲ್ಲಿಂದ ಬೊಂಬಾಯಿ, ಮದರಾಸಿಗೆ ರೈಲೇ ಗತಿ. ರೈಲಿನಲ್ಲಿ ಕಳೆದುಹೋಗುವ ಆ ಹೊತ್ತನ್ನು ಉಳಿಸಿಕೊಡುತ್ತೇವೆ ಎಂದು ಹೊರಟವರು ಟಾಟಾದವರು. 1932ರ ಅಕ್ಟೋಬರ್ 15ರಂದು ಬೆಳಿಗ್ಗೆ 6.35ಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನ ಎಬ್ಬಿಸಿದರು. ಹೊರೆ ಸುಮಾರು 25 ಕಿಲೋ ಟಪಾಲು. ರೇಡಿಯೋ ಇಲ್ಲ, ದಾರಿ ತೋರಿಸುವ ದೀಪವಿಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನ 1.50ಕ್ಕೆ ಜುಹು. ಆ ಮೈದಾನ ಎಂಥದ್ದೆಂದರೆ ಮಳೆಗಾಲದಲ್ಲಿ ಕೆಸರುಗದ್ದೆ. ಮಳೆ ಹಿಡಿದರೆ ವಿಮಾನ, ಪೈಲಟ್, ಮೆಕ್ಯಾನಿಕ್ ಸಮೇತ ಗಂಟುಮೂಟೆ ಕಟ್ಟಿ ಪುಣೆಗೆ ಹೋಗಬೇಕಿತ್ತು. (ಪುಣೆಯ ಗೆಳೆಯರು ಹೆಮ್ಮೆಪಡಬಹುದು.)

ಜುಹುವಿನಿಂದ ಮುಂದಕ್ಕೆ ಟಪಾಲು ಒಯ್ದವರು ಟಾಟಾರ ಜೊತೆಗಾರ ನೆವಿಲ್ ವಿಂಟ್ಸೆಂಟ್. ಅವರ ದಾರಿ ಬೊಂಬಾಯಿ, ಬಳ್ಳಾರಿ, ಮದರಾಸು.

ಹೌದು, ನಮ್ಮ ಬಳ್ಳಾರಿ. ಎಣ್ಣೆಗೆ ಎಲ್ಲಾದರೂ ಇಳಿಯಲೇಬೇಕಿತ್ತು, ಬೊಂಬಾಯಿ–ಮದರಾಸಿನ ನೇರ ಗೆರೆ ಬಳ್ಳಾರಿಯ ಹತ್ತಿರವೇ ಹಾಯುತ್ತದೆ. ನೇರವಾಗಿ 1,030 ಕಿಲೋಮೀಟರ್. ಬಳ್ಳಾರಿಯಲ್ಲಿ ಇಳಿದು ಹೋದರೆ ಕೆಲವೇ ಕಿಲೋಮೀಟರ್ ಹೆಚ್ಚು, ಅಷ್ಟೇ. ಗಂಟೆಗೆ 160 ಕಿಲೋಮೀಟರಿನಂತೆ ಲೆಕ್ಕ ಹಾಕಿದೆ, ಅದು ನನ್ನ ಚಾಳಿ. ಎದುರುಗಾಳಿ ಇಲ್ಲದಿದ್ದರೆ ಜುಹುವಿನಿಂದ ಬಳ್ಳಾರಿಗೆ ನಾಲ್ಕು ಗಂಟೆ. ತೊಂಬತ್ತು ವರ್ಷಗಳ ಹಿಂದೆ ಒಂದು ಕಾಗದಕ್ಕೆ ಇದ್ದ ಯೋಗ ನನಗಿರಲಿಲ್ಲ.

ಆ ಯೋಗ ಬಳ್ಳಾರಿಗೂ ಬಹಳ ಕಾಲ ಉಳಿಯಲಿಲ್ಲ. ಮುಂದೆ ನಡುವಿನ ತಂಗುದಾಣ ಹೈದರಾಬಾದಿಗೆ ಹೋಯಿತು. ಆ ದಾರಿ ನೂರು ಕಿಲೋಮೀಟರಿನಷ್ಟು ಸುತ್ತು. ಆದರೂ ನಿಜಾಮರ ರಾಜಧಾನಿ ಎಲ್ಲಿ, ಮದರಾಸು ಪ್ರಾಂತದ ಅಂಚಿನ ಒಂದು ಜಿಲ್ಲಾ ಕೇಂದ್ರ ಎಲ್ಲಿ? ನನ್ನಂಥ ಮ್ಯಾನೇಜರ್ ಕೂತಿದ್ದರೂ ಹಾಗೇ ಮಾಡುತ್ತಿದ್ದನೇನೋ. ತಮಾಷೆಯೆಂದರೆ ಮುಂಬಯಿಯಿಂದ ಈ ಎರಡೂ ಊರು ಹೆಚ್ಚುಕಡಿಮೆ ಅಷ್ಟಷ್ಟೇ ದೂರ. ಒಂದು ಈಗ ಒಂದೂವರೆ ಗಂಟೆ, ಇನ್ನೊಂದು ಒಂದು ಹಗಲು ರಾತ್ರಿ.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಪರೇಷನ್ ಮುಗಿದು ಅವ್ವನನ್ನು ವಾರ್ಡಿಗೆ ತಂದಾಗಿತ್ತು. ಅರೆಗಣ್ಣು ತೆರೆದು, "ಬರಾಕ ಇಷ್ಟೊತ್ತು ಬೇಕಾತೇನಪ್ಪಾ?" ಎಂದಳು.

"ವಿಮಾನದಾಗ ಬಂದೆ, ಅವ್ವಾ" ಎಂದೆ.