ದೇಶೀ ರೈಫಲ್ಲಿನ ಬಾಳಿಕೆ

ಸ್ವದೇಶದ ವಸ್ತುವೆಂದೊಡನೆ ಕೆಲವರು ಮೂಗು ಮುರಿಯುವರು. ಕೆಲವರು ಪರೀಕ್ಷಿಸದೆಯೇ ಕೊಂಡಾಡುವರು. ಸೈನಿಕನ ಬಂದೂಕಿನ ವಿಷಯದಲ್ಲಿ ಈ ಎರಡೂ ಸಲ್ಲವು. ಅಲ್ಲಿ ಪಣವಾಗಿರುವುದು ಪ್ರಾಣ.

1962ರ ಚೀನಾ ಯುದ್ಧದಲ್ಲಿ ನಮ್ಮ ಹೆಚ್ಚಿನ ಜವಾನರ ಕೈಯಲ್ಲಿದ್ದುದು, ಪ್ರತಿ ಹೊಡೆತಕ್ಕೂ ಬೋಲ್ಟ್ ಎಳೆಯಬೇಕಾದ .303 ರೈಫಲ್. ಆ ಬಳಿಕ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ, ಬೆಲ್ಜಿಯಂ ಮೂಲದ ಮಾದರಿಯನ್ನನುಸರಿಸಿ, 7.62 ಮಿ.ಮೀ. ಅರೆ-ಸ್ವಯಂಚಾಲಿತ ರೈಫಲ್ ತಯಾರಾಯಿತು. ಹಾರಿದ ಗುಂಡಿನ ಹಿಂದಣ ಅನಿಲದ ಒಂದಂಶವೇ ಮುಂದಿನ ತೋಟಾವನ್ನು ಅಣಿಗೊಳಿಸುತ್ತಿತ್ತು. ಕೊಳೆ ಕಟ್ಟಿ ಯಂತ್ರ ಬಿಗಿದರೆ, ಹೆಚ್ಚು ಅನಿಲವನ್ನು ಒಳಬಿಡುವ ಏರ್ಪಾಡೂ ಇತ್ತು. ಉದ್ದವೂ ಭಾರವೂ ಹೆಚ್ಚಾಗಿದ್ದರೂ, 1971ರ ಯುದ್ಧದಲ್ಲಿ ಅದು ಜವಾನರ ನಂಬಿಕೆಗೆ ಪಾತ್ರವಾಯಿತು.

1990ರ ದಶಕದಲ್ಲಿ ಅದರ ಸ್ಥಾನಕ್ಕೆ ಹಗುರವಾದ 5.56 ಮಿ.ಮೀ. ಇನ್ಸಾಸ್ ಬಂದಿತು. 1999ರಲ್ಲಿ ಕಾರ್ಗಿಲ್ಲಿನ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕುಬಿಟ್ಟಿತೆಂಬ ದೂರುಗಳೆದ್ದವು.

ಎರಡೂ ಸ್ವದೇಶದಲ್ಲಿ ತಯಾರಾದವುಗಳೇ ಅಲ್ಲವೇ? ಆದುದರಿಂದ ಬಾಳಿಕೆಯ ಗುಟ್ಟು ದೇಶದ ಹೆಸರಿನಲ್ಲಿಲ್ಲ. ಬಳಸಿದ ವಸ್ತುವಿನಲ್ಲಿದೆ, ತಪಾಸಣೆಯಲ್ಲಿದೆ, ಜವಾನನ ದೂರಿಗೆ ಕಿವಿಗೊಡುವುದರಲ್ಲಿದೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ದಿನದ ಪುಸ್ತಕ ಮುಚ್ಚುವಂತಿಲ್ಲ. ಹಿಮ, ಮರಳು, ಕೆಸರುಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗದ ರೈಫಲ್ಲನ್ನು ಜವಾನನ ಹೆಗಲಿಗೇರಿಸುವಂತೆಯೂ ಇಲ್ಲ. ಸ್ವದೇಶಾಭಿಮಾನಕ್ಕೆ ಇದಕ್ಕಿಂತ ಭದ್ರವಾದ ತಳಹದಿ ಬೇರೊಂದಿಲ್ಲ.