ವೈಟಮ್ ಕಾಡು
ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ವಾಯವ್ಯಕ್ಕೆ, ಥೇಮ್ಸ್ ನದಿಯ ತಿರುವಿನ ಗುಡ್ಡಗಳ ಮೇಲಿರುವ ಎಲೆಯುದುರುವ ಮರಗಳ ಕಾಡು. ವಿಸ್ತೀರ್ಣ ಸುಮಾರು 400 ಹೆಕ್ಟೇರ್. ಓಕ್, ಆ್ಯಶ್, ಬೀಚ್, ಸಿಕಮೋರ್ ಮುಖ್ಯ ಮರಗಳು. 1942ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಶಕ್ಕೆ ಬಂತು. ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ 1947ರಲ್ಲಿ ಇಲ್ಲಿ ಆರಂಭಿಸಿದ ಗ್ರೇಟ್ ಟಿಟ್ ಹಕ್ಕಿಗಳ ಅಧ್ಯಯನ ಇಂದಿಗೂ ನಡೆದಿದೆ. ಮರಗಳಿಗೆ ಕಟ್ಟಿದ ಗೂಡುಪೆಟ್ಟಿಗೆಗಳೇ ಅದರ ಆಧಾರ. ವಸಂತ ಬೆಚ್ಚಗಾದಂತೆ ಓಕ್ ಬೇಗ ಚಿಗುರುತ್ತದೆ, ಚಿಗುರು ಮೇಯುವ ಕಂಬಳಿಹುಳುಗಳೂ ಬೇಗ ಹುಟ್ಟುತ್ತವೆ. ಮರಿಗಳಿಗೆ ಅವೇ ಆಹಾರವಾದ್ದರಿಂದ ಹಕ್ಕಿಗಳು ಮೊಟ್ಟೆಯಿಡುವ ಕಾಲವೂ ಹಿಂದಿಗಿಂತ ಬೇಗ ಬಂದಿದೆ. ಹವಾಮಾನ ಬದಲಾವಣೆಗೆ ಇಷ್ಟು ದೀರ್ಘ ಸಾಕ್ಷ್ಯ ಒದಗಿಸಿದ ಕಾಡುಗಳು ವಿರಳ. ನೋಡಲು ಹೋಗುವವರಿಗೆ ಏಪ್ರಿಲ್ ಕೊನೆಯಿಂದ ಮೇವರೆಗಿನ ದಿನಗಳು ಉತ್ತಮ: ಮೇಲೆ ಎಲೆ ದಟ್ಟೈಸಿ ಬಿಸಿಲು ಮರೆಯಾಗುವ ಮುನ್ನ ಬ್ಲೂಬೆಲ್ ಹೂಗಳು ನೆಲವನ್ನೆಲ್ಲ ನೀಲಿಯಾಗಿಸುತ್ತವೆ. ನಾಯಿಗಳಿಗೆ ಪ್ರವೇಶವಿಲ್ಲ.