ಔಷಧ ಪ್ರತಿರೋಧ ಮತ್ತು ಪೈಪರಿನ್: ಎರಡು ಪರಿಣಾಮಗಳನ್ನು ಬೇರ್ಪಡಿಸಿ ನೋಡುವ ಅಗತ್ಯ

ಕಿಮೊಥೆರಪಿಗೆ ಮೊದಮೊದಲು ಕರಗಿದ ಗಡ್ಡೆ ಮರಳಿ ಬೆಳೆದಾಗ ಅದೇ ಔಷಧಕ್ಕೆ ಬಗ್ಗದಿರುವುದು ಉಂಟು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಗುರುತಿಸಿದರು: ಕಾಲ್ಚಿಸಿನ್‌ಗೆ ಜಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳ ಪೊರೆಯಲ್ಲಿ ಹೇರಳವಾಗಿದ್ದ ಪಿ-ಗ್ಲೈಕೊಪ್ರೋಟೀನ್. ಒಳಬಂದ ಔಷಧವನ್ನು ಎಟಿಪಿಯ ಶಕ್ತಿ ಬಳಸಿ ಹೊರದಬ್ಬುವ ಪಂಪು ಇದು. ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಡಾಕ್ಸೊರುಬಿಸಿನ್‌ಗಳನ್ನು ಅದು ಹೊರಹಾಕುತ್ತದೆ. ಸಿಸ್‌ಪ್ಲಾಟಿನ್ ಅದರ ಹಿಡಿತಕ್ಕೆ ಬರುವುದಿಲ್ಲ. ವಿನ್‌ಕ್ರಿಸ್ಟಿನ್ ಹಿತ್ತಲ ನಿತ್ಯಪುಷ್ಪದ ಆಲ್ಕಲಾಯ್ಡ್. ಸಸ್ಯವಿಷವನ್ನು ಹೊರಹಾಕುವ ಪಂಪಿಗೆ ತಡೆಯನ್ನೂ ಸಸ್ಯಗಳಲ್ಲೇ ಹುಡುಕುತ್ತಿರುವುದು ವಿಚಿತ್ರವಾದರೂ ಅಸಂಗತವಲ್ಲ.

ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಈ ಹುಡುಕಾಟದಲ್ಲಿ ಮತ್ತೆಮತ್ತೆ ಎದುರಾಗುತ್ತದೆ. ಅದು ಪಿ-ಗ್ಲೈಕೊಪ್ರೋಟೀನನ್ನೂ ಸಿವೈಪಿ3ಎ4 ಎಂಬ ಕಿಣ್ವವನ್ನೂ ತಡೆಯುತ್ತದೆಂದು 2002ರ ಜರ್ಮನ್ ಅಧ್ಯಯನವೊಂದು ತೋರಿಸಿತು. ತೊಡಕು ಇರುವುದು ಈ 'ಎರಡನ್ನೂ' ಎಂಬಲ್ಲೇ. ಡೋಸಿಟ್ಯಾಕ್ಸೆಲ್ ಎಂಬ ಕಿಮೊಥೆರಪಿ ಔಷಧ ದೇಹದಲ್ಲಿ ಒಡೆಯುವುದು ಸಿವೈಪಿ3ಎ4ನಿಂದ. ಪ್ರಾಸ್ಟೇಟ್ ಕ್ಯಾನ್ಸರ್ ಗಡ್ಡೆಯಿದ್ದ ಇಲಿಗಳಿಗೆ ಪೈಪರಿನ್ ಜೊತೆಗೆ ಡೋಸಿಟ್ಯಾಕ್ಸೆಲ್ ಕೊಟ್ಟ 2012ರ ಪ್ರಯೋಗದಲ್ಲಿ ಗಡ್ಡೆಯ ಬೆಳವಣಿಗೆ ಹೆಚ್ಚು ಕುಂಠಿತವಾಯಿತು. ಆದರೆ ಸಂಶೋಧಕರೇ ಅದಕ್ಕೆ ಕೊಟ್ಟ ವಿವರಣೆ ಕಿಣ್ವದ ತಡೆ, ಅಂದರೆ ರಕ್ತದಲ್ಲಿ ಔಷಧ ಹೆಚ್ಚು ಹೊತ್ತು ಉಳಿದದ್ದು. ಹೀಗಾದರೆ ಗಡ್ಡೆಗೆ ಮಾತ್ರವಲ್ಲ, ಮೂಳೆಮಜ್ಜೆಗೂ ಹೆಚ್ಚಿನ ಔಷಧ ತಲಪುತ್ತದೆ. ಡೋಸ್ ಹೆಚ್ಚಿಸಿಯೂ ಪಡೆಯಬಹುದಾದ ಫಲವನ್ನು 'ಪ್ರತಿರೋಧದ ನಿವಾರಣೆ' ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಸಂಶ್ಲೇಷಿತ ತಡೆಗಾರಿಗಳು ಈ ಹಾದಿಯಲ್ಲಿ ಮೊದಲೇ ಎಡವಿವೆ. ವೆರಪಾಮಿಲ್ ವಿನ್‌ಕ್ರಿಸ್ಟಿನ್‌ನ ಪರಿಣಾಮವನ್ನು ಮರಳಿಸುತ್ತದೆಂದು 1981ರಲ್ಲಿ ತ್ಸುರುವೊ ತಂಡ ವರದಿ ಮಾಡಿದ ಮೇಲೆ ಹುಟ್ಟಿದ ಭರವಸೆ ದೊಡ್ಡದು. ಮುಂದೆ ಬಂದ ವಾಲ್‌ಸ್ಪೊಡಾರ್ ಕಿಮೊಥೆರಪಿ ಔಷಧಗಳ ವಿಸರ್ಜನೆಯನ್ನೇ ನಿಧಾನಗೊಳಿಸಿತು. ವೈದ್ಯರು ಔಷಧದ ಡೋಸ್ ಇಳಿಸಬೇಕಾಯಿತು. ಕರುಳು, ಯಕೃತ್ತು, ಮೂತ್ರಪಿಂಡ, ಮಿದುಳಿನ ರಕ್ತನಾಳಗಳಲ್ಲೂ ಇದೇ ಪಂಪು ದುಡಿಯುತ್ತಿರುವಾಗ ಗಡ್ಡೆಯಲ್ಲಿ ಮಾತ್ರ ಅದನ್ನು ನಿಲ್ಲಿಸುವುದು ಸುಲಭವಲ್ಲ. ಸಸ್ಯಮೂಲದ್ದೆಂಬ ಕಾರಣಕ್ಕೆ ಪೈಪರಿನ್‌ಗೆ ಇದರಿಂದ ವಿನಾಯಿತಿ ಸಿಗದು.

ಪ್ರಮಾಣದ ಪ್ರಶ್ನೆಯೂ ಇದೆ. ಅರಿಶಿನದ ಕರ್ಕ್ಯುಮಿನನ್ನೂ ಇದೇ ಪಂಪಿಗೆ ತಡೆಯಾಗಿ ಪರೀಕ್ಷಿಸಲಾಗುತ್ತಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಸೇವಿಸಿದವರಲ್ಲಿ ಕರ್ಕ್ಯುಮಿನ್ ಲಭ್ಯತೆ ಶೇ. 2000ರಷ್ಟು ಏರಿತು. ಪೂರಕಗಳ ಜಾಹೀರಾತುಗಳಿಗೆ ಈ ಅಂಕಿ ಬಲು ಪ್ರಿಯ. ಆದರೆ ಪೈಪರಿನ್ ಇಲ್ಲದಾಗ ರಕ್ತದಲ್ಲಿದ್ದ ಕರ್ಕ್ಯುಮಿನ್ ಪತ್ತೆಯಾಗದಷ್ಟು ಅಥವಾ ಅತ್ಯಲ್ಪ. ಅಷ್ಟು ಕಡಿಮೆಯದು ಎಷ್ಟು ಪಟ್ಟು ಹೆಚ್ಚಿದರೂ ಪ್ರಯೋಗಾಲಯದ ತಟ್ಟೆಯಲ್ಲಿ ಪಂಪನ್ನು ತಡೆಯಲು ಬಳಸುವ ಮೈಕ್ರೊಮೋಲಾರ್ ಮಟ್ಟ ಮುಟ್ಟಿತೇ ಎಂಬುದನ್ನು ಬೇರೆಯಾಗಿಯೇ ಅಳೆಯಬೇಕು.

ಆದ್ದರಿಂದ ಇಂಥ ಸಾರಗಳ ಪ್ರಾಣಿಪ್ರಯೋಗದಲ್ಲಿ ಗಡ್ಡೆಯ ಗಾತ್ರವೊಂದನ್ನೇ ವರದಿ ಮಾಡಿದರೆ ಸಾಲದು. ರಕ್ತದಲ್ಲೂ ಗಡ್ಡೆಯಲ್ಲೂ ಔಷಧದ ಮಟ್ಟವನ್ನು ಅಳೆಯಬೇಕು. ರಕ್ತದ ಮಟ್ಟ ಸಮನಾಗುವಂತೆ ಔಷಧದ ಡೋಸ್ ಹೆಚ್ಚಿಸಿದ, ಸಾರ ಕೊಡದ ಇನ್ನೊಂದು ಗುಂಪೂ ಇರಬೇಕು. ಎರಡು ಗುಂಪುಗಳಲ್ಲೂ ಗಡ್ಡೆ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಪ್ರತಿರೋಧ ನಿವಾರಣೆಯ ವಾದ ಬಿದ್ದುಹೋಗುತ್ತದೆ. ಸಸ್ಯಸಾರದ ಪ್ರಭಾವ ಎದುರು ದಿಕ್ಕಿಗೂ ತಿರುಗಬಹುದು: ಸೇಂಟ್ ಜಾನ್ಸ್ ವರ್ಟ್ ಎಂಬ ಯುರೋಪಿನ ಮೂಲಿಕೆ ಸೇವಿಸಿದ ರೋಗಿಗಳಲ್ಲಿ ಕಿಮೊಥೆರಪಿ ಔಷಧ ಇರಿನೊಟೆಕಾನ್‌ನ ಸಕ್ರಿಯ ರೂಪವಾದ ಎಸ್‌ಎನ್-38ರ ಮಟ್ಟ ಶೇ. 42ರಷ್ಟು ಕುಸಿದದ್ದು 2002ರಲ್ಲಿ ವರದಿಯಾಯಿತು. ಪ್ರಾಯೋಗಿಕ ಚಿಕಿತ್ಸೆಗೆ ಸೇರುವ ರೋಗಿ ಮನೆಯಲ್ಲಿ ಕುಡಿಯುವ ಕಷಾಯವನ್ನೂ ದಾಖಲೆಗೆ ಸೇರಿಸಿಕೊಳ್ಳಬೇಕೆನ್ನುವುದು ಈ ಕಾರಣಕ್ಕೇ.